ಲೋಹಿತದ ಮೇಲೆ ಭೂಪೇನ್ ಹಜಾರಿಕಾ

ಭೂಪೇನ್ ಹಜಾರಿಕಾ ಎಂದೊಡನೆ ಅಸ್ಸಾಮಿನ ಹೊರಗಿರುವ ಬಹಳ ಮಂದಿಗೆ ನೆನಪಾಗುವುದು ಗಂಗೆಯನ್ನು ತರಾಟೆಗೆ ತೆಗೆದುಕೊಳ್ಳುವ ಹಿಂದಿ ಹಾಡು. ಎರಡೂ ದಡದ ಜನ ಕಷ್ಟದಲ್ಲಿರುವಾಗ ನೀನು ಸುಮ್ಮನೆ ಹರಿಯುವುದು ಸರಿಯೇ ಎಂದು ಆ ಹಾಡು ಕೇಳುತ್ತದೆ. ಆದರೆ ಅದರ ಅಸ್ಸಾಮಿ ರೂಪವಾದ ‘ಬಿಸ್ತೀರ್ಣ ಪಾರರೆ’ಯಲ್ಲಿ ಗಂಗೆಯಿಲ್ಲ, ಅಲ್ಲಿರುವುದು ಲುಯಿತ್. ಬ್ರಹ್ಮಪುತ್ರಕ್ಕೆ ಅಸ್ಸಾಮಿಗರು ಅಕ್ಕರೆಯಿಂದ ಹೇಳುವ ಹೆಸರು ಅದು. ಸಂಸ್ಕೃತದ ‘ಲೌಹಿತ್ಯ’ದ ನಂಟು ಅದಕ್ಕಿದೆ.

ಹಾಗೆ ನೋಡಿದರೆ ಲುಯಿತ್ ಕೂಡ ಆ ಹಾಡಿನ ಮೊದಲ ನದಿಯಲ್ಲ. ಹಜಾರಿಕಾ ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಸಂಶೋಧನೆ ಮಾಡುತ್ತಿದ್ದಾಗ ಕಪ್ಪು ಗಾಯಕ ಪಾಲ್ ರೋಬ್ಸನ್ ಅವರ ಒಡನಾಟಕ್ಕೆ ಬಂದರು. ರೋಬ್ಸನ್ ಹಾಡುತ್ತಿದ್ದ ಮಿಸಿಸಿಪಿಯ ಹಾಡೇ ಇದಕ್ಕೆ ಪ್ರೇರಣೆ. ಮಿಸಿಸಿಪಿ ಅಸ್ಸಾಮಿಗೆ ಬಂದು ಲುಯಿತ್ ಆಯಿತು, ಬಂಗಾಳಿ ಮತ್ತು ಹಿಂದಿಗೆ ಹೋಗಿ ಗಂಗೆಯಾಯಿತು.

ಹೀಗೆ ಊರೂರು ತಿರುಗಿದ ಗಾಯಕನ ಹೆಸರನ್ನು ಅವರು ಹುಟ್ಟಿದ ನೆಲದಲ್ಲೇ ನಿಲ್ಲಿಸಿದ್ದು ಧೋಲಾ-ಸದಿಯಾ ಸೇತುವೆ. 2017ರ ಮೇ 26ರಂದು ಉದ್ಘಾಟನೆಯಾದ ಇದು 9.15 ಕಿಲೋಮೀಟರ್ ಉದ್ದವಿದೆ. ಆಗ ದೇಶದಲ್ಲೇ ಅತಿ ಉದ್ದದ ಸೇತುವೆ, ಮುಂಬಯಿಯ ಬಾಂದ್ರಾ-ವರ್ಲಿ ಸಮುದ್ರ ಸೇತುವೆಗಿಂತಲೂ ದೊಡ್ಡದು. ಇದು ದಾಟುವುದು ಬ್ರಹ್ಮಪುತ್ರದ ಉಪನದಿ ಲೋಹಿತವನ್ನು. ಅಂದರೆ ಹಾಡಿನ ಲುಯಿತ್ ಇಲ್ಲಿ ತನ್ನ ಹೆಸರಿನ ಬೇರಿಗೇ ಮರಳಿದೆ.

ಹಜಾರಿಕಾ 1926ರಲ್ಲಿ ಹುಟ್ಟಿದ್ದು ಸದಿಯಾದಲ್ಲಿ. 1950ರ ಆಗಸ್ಟ್ 15ರ ಭಾರೀ ಭೂಕಂಪ, ಅದರ ಬೆನ್ನಿಗೇ ಬಂದ ಪ್ರವಾಹ, ದಿಕ್ಕು ಬದಲಿಸಿದ ನದಿ, ಇವೆಲ್ಲ ಸೇರಿ ಹಳೆಯ ಸದಿಯಾ ಪಟ್ಟಣವನ್ನು ನುಂಗಿಹಾಕಿದವು. ಉಳಿದ ಸೀಮೆಯ ಜನ ಆಚೆ ದಡ ಸೇರಲು ದೋಣಿಯನ್ನೇ ನಂಬಬೇಕಿತ್ತು. ಮಳೆಗಾಲದಲ್ಲಿ ನದಿ ಉಕ್ಕಿದರೆ ಅದೂ ಕಷ್ಟ. ದಡದ ಜನರ ಪಾಡು ಎಂದು ಹಾಡು ಹೇಳುವುದು ಇಲ್ಲಿ ಉಪಮೆಯಲ್ಲ, ದಿನದ ಬದುಕು.

ಸೇತುವೆ ಕಟ್ಟಲು ಸರ್ಕಾರಕ್ಕೆ ಬೇರೆ ಕಾರಣವೂ ಇತ್ತು. ಚೀನಾದ ಗಡಿ ದೂರವಿಲ್ಲ. 60 ಟನ್ ತೂಕದ ಟ್ಯಾಂಕನ್ನೂ ಇದು ಹೊರಬಲ್ಲದು ಎಂಬುದು ಉದ್ಘಾಟನೆಯ ದಿನ ದೊಡ್ಡ ಸುದ್ದಿಯಾಗಿತ್ತು. ಆದರೆ ಅದೇ ದಾರಿಯಲ್ಲಿ ರೋಗಿಗಳೂ ಶಾಲೆಯ ಮಕ್ಕಳೂ ಹೋಗುತ್ತಾರೆ. ಅರುಣಾಚಲದ ಕಡೆಗಿನ ದಾರಿ 165 ಕಿಲೋಮೀಟರ್ ಕಡಿಮೆಯಾಗಿದೆ.

ಹಜಾರಿಕಾ ಇದನ್ನು ನೋಡಲಿಲ್ಲ. 2011ರ ನವೆಂಬರ್ 5ರಂದು ಮುಂಬಯಿಯಲ್ಲಿ ತೀರಿಕೊಂಡರು. ಸೇತುವೆಯ ಕೆಲಸ ಶುರುವಾದದ್ದೂ ಅದೇ ವರ್ಷ. ಅವರು ಪ್ರಶ್ನೆ ಕೇಳಿದ್ದು ನದಿಯನ್ನು. ಆರು ದಶಕದ ದೋಣಿಯಾನದ ನಂತರ ಉತ್ತರ ಕೊಟ್ಟದ್ದು ಮನುಷ್ಯರು. ನದಿ ಈಗಲೂ ಸುಮ್ಮನೆ ಹರಿಯುತ್ತಿದೆ.