ಕಾಸು, ಕ್ಯಾಶ್ ಮತ್ತು ಒಂದು ಪೆಟ್ಟಿಗೆ

ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದ ಇಪ್ಪತ್ತು ಕಾಸಿನ ತಾಮ್ರದ ನಾಣ್ಯವನ್ನು ಅಂಗೈಯಲ್ಲಿಟ್ಟು ನೋಡಬೇಕು. ಆನೆ, ಅದರ ಮೇಲೆ ಸೂರ್ಯ ಚಂದ್ರ, 'ಶ್ರೀ'. ಕನ್ನಡದಲ್ಲಿ 'ಮೈಲಿ ಕಾಸು'. ಜೊತೆಗೆ ಇಂಗ್ಲಿಷಿನಲ್ಲಿ, ರೋಮನ್ ಅಂಕಿಯ ಪಕ್ಕ, 'ಕ್ಯಾಶ್'. ಅನುವಾದದಂತೆ ಕಾಣುವ ಆ ಇಂಗ್ಲಿಷ್ ಪದ ನಿಜಕ್ಕೂ ಕಾಸೇ, ವೇಷ ಬದಲಿಸಿದ್ದು.

ಹಾಗಾದರೆ ಇಂಗ್ಲಿಷರ 'ಕ್ಯಾಶ್' ಎಲ್ಲವೂ ನಮ್ಮ ಕಾಸಿನಿಂದ ಬಂತೇ? ಹಾಗೆ ಹೇಳುವವರಿದ್ದಾರೆ. ಅದು ಅರ್ಧ ಮಾತ್ರ ನಿಜ.

ನಗದು ಎಂಬರ್ಥದ ಕ್ಯಾಶ್‌ನ ಮೂಲ ಲ್ಯಾಟಿನ್ನಿನ 'ಕಾಪ್ಸಾ', ಅಂದರೆ ಪೆಟ್ಟಿಗೆ. ಇಟಾಲಿಯನ್, ಫ್ರೆಂಚ್ ದಾಟಿ 16ನೇ ಶತಮಾನದ ಕೊನೆಗೆ ಅದು ಇಂಗ್ಲಿಷಿಗೆ ಬಂತು. ದುಡ್ಡಿಡುವ ಪೆಟ್ಟಿಗೆಯ ಹೆಸರು ಒಳಗಿನ ದುಡ್ಡಿಗೂ ಅಂಟಿತು. ನಮ್ಮ ಹೋಟೆಲುಗಳ ಗಲ್ಲಾದಲ್ಲಿ ಕೂರುವ ಕ್ಯಾಷಿಯರ್ ಈ ಪೆಟ್ಟಿಗೆಯ ವಂಶದವನು. ಆದರೆ ಸೈನ್ಯದಲ್ಲಿ ಅಧಿಕಾರಿಯನ್ನು 'ಕ್ಯಾಷಿಯರ್' ಮಾಡಿದರು ಎಂದರೆ ಅವಮಾನಿಸಿ ವಜಾ ಮಾಡಿದರು ಎಂದರ್ಥ. ಅದು ಡಚ್ಚರಿಂದ ಬಂದ ಬೇರೆಯೇ ಪದ.

ನಾಣ್ಯದ ಮೇಲಿರುವ ಕ್ಯಾಶ್‌ನ ದಾರಿ ಇನ್ನೊಂದು. ದಕ್ಷಿಣದ ಪೇಟೆಗಳಲ್ಲಿ ಕೇಳಿದ 'ಕಾಸು' ಪೋರ್ಚುಗೀಸರ ನಾಲಗೆಯಲ್ಲಿ 'ಕಾಯ್ಶಾ' ಆಯಿತು. ಪೆಟ್ಟಿಗೆಗೂ ಅವರಲ್ಲಿ ಅದೇ ಪದವಿತ್ತು. ಇಂಗ್ಲಿಷರು ಅದನ್ನು ಕ್ಯಾಶ್ ಮಾಡಿಕೊಂಡರು. ಅಷ್ಟಕ್ಕೇ ನಿಲ್ಲಲಿಲ್ಲ: ಚೀನಾದ ಚೌಕ ತೂತಿನ ನಾಣ್ಯವನ್ನೂ ಐರೋಪ್ಯರು ಇದೇ ಹೆಸರಿನಿಂದ ಕರೆದರು. ನಮ್ಮ ಸಂತೆಯ ಚಿಲ್ಲರೆಯ ಹೆಸರು ಹೀಗೆ ಸಮುದ್ರ ದಾಟಿ ಬೇರೆ ದೇಶದ ದುಡ್ಡಿನ ಮೇಲೆ ಕೂತಿತು!

ಮದರಾಸಿನ ಕಂಪನಿ ಲೆಕ್ಕದಲ್ಲಿ 80 ಕ್ಯಾಶ್‌ಗೆ ಒಂದು ಫನಮ್, 42 ಫನಮ್‌ಗೆ ಒಂದು ಪಗೋಡ. ಫನಮ್ ಎಂದರೆ ನಮ್ಮ 'ಹಣ', ಪಗೋಡ ಎಂದರೆ ವರಹ. ಒಂದು ವರಹ ಮುರಿಸಿದರೆ 3,360 ಕಾಸು! ಈ ಕಾಸುಗಳನ್ನು ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್ ಬಳಿಯ ಸೋಹೊ ಟಂಕಸಾಲೆಯಲ್ಲೂ ಅಚ್ಚು ಹಾಕಿಸುತ್ತಿದ್ದರು. 1808ರ ಇಸವಿ ಹೊತ್ತ ಅಂಥ ನಾಣ್ಯಗಳನ್ನು ತುಂಬಿಕೊಂಡು ಹೊರಟ 'ಅಡ್ಮಿರಲ್ ಗಾರ್ಡನರ್' ಹಡಗು 1809ರ ಜನವರಿಯಲ್ಲಿ ಕೆಂಟ್ ಕರಾವಳಿಯಾಚೆಯ ಗುಡ್ವಿನ್ ಮರಳದಿಬ್ಬಗಳಲ್ಲಿ ಮುಳುಗಿತು. ಸುಮಾರು 175 ವರ್ಷಗಳ ಬಳಿಕ ಮುಳುಗುಗಾರರು ಆ ಕಾಸುಗಳನ್ನು ರಾಶಿಗಟ್ಟಲೆ ಮೇಲೆತ್ತಿದರು. 1818ರಲ್ಲಿ ಮದರಾಸು ರೂಪಾಯಿ ಲೆಕ್ಕಕ್ಕೆ ಹೊರಳಿತು. ತಿರುವಾಂಕೂರಿನಲ್ಲಿ ಮಾತ್ರ 16 ಕಾಸಿಗೆ ಒಂದು ಚಕ್ರಂ ಎಂಬ ಲೆಕ್ಕ 1949ರವರೆಗೂ ಉಳಿದಿತ್ತು.

ಕನ್ನಡದಲ್ಲಿ ಕಾಸು ಇನ್ನೂ ಸತ್ತಿಲ್ಲ. ಬಿಡಿಗಾಸಿನಲ್ಲಿದೆ, ಅಜ್ಜಿಯ ಕಾಸಿನ ಸರದಲ್ಲಿದೆ, ಕಾಸಿಗೆ ತಕ್ಕ ಕಜ್ಜಾಯದಲ್ಲಿದೆ. ಮಕ್ಕಳಿಗೆ 'ಕ್ಯಾಶ್' ಪದ ಕಲಿಸುವ ಮೇಷ್ಟ್ರುಗಳು 'ನಗದು' ಎಂದಷ್ಟೇ ಹೇಳಿ ಮುಂದೆ ಹೋಗದಿರಲಿ. ನಗದು ಅರಬ್ಬಿಯಿಂದ ಬಂದದ್ದು. ಅದರ ಪಕ್ಕದಲ್ಲಿ 'ಕಾಸು' ಎಂದೂ ಬರೆಸಲಿ.