ಎಲೆಕ್ಟ್ರಾನಿಕ್ ರೀಲ್ ನೀರಿಗೆ ಕರೆಂಟ್ ಬಿಡುತ್ತದೆಯೇ? ಹಳೆಯ ಗಾಳದ ರೀಲ್‌ಗಳ ನಿಜ ಮತ್ತು ಸುಳ್ಳು

ಹಳೆಯ ರೇಡಿಯೊ, ಟಿವಿಯೊಳಗೆ ಕೋಟಿ ಬೆಲೆಯ 'ರೆಡ್ ಮರ್ಕ್ಯುರಿ' ಇದೆ ಎಂಬ ಫಾರ್ವರ್ಡ್ ನಿಮ್ಮ ಫೋನಿಗೂ ಬಂದಿರಬಹುದು. ಹಳೆಯ ಯಂತ್ರ ಯಾವುದೇ ಇರಲಿ, ಅದರ ಸುತ್ತ ಇಂಥ ಕಥೆ ಹುಟ್ಟುತ್ತದೆ. ಮೀನು ಹಿಡಿಯುವ ಹಳೆಯ ರೀಲ್‌ಗಳೂ ಇದಕ್ಕೆ ಹೊರತಲ್ಲ. ಈ ಲೇಖನದಲ್ಲಿ ನಾವು ಎರಡು ಪ್ರಶ್ನೆಗಳನ್ನು ನೋಡೋಣ. ಎಲೆಕ್ಟ್ರಾನಿಕ್ ರೀಲ್ ಎಂದರೆ ನೀರಿಗೆ ಕರೆಂಟ್ ಬಿಟ್ಟು ಮೀನು ಹಿಡಿಯುವ ಸಾಧನವೇ? ಅಟ್ಟದಲ್ಲಿ ಸಿಕ್ಕ ಹಳೆಯ ರೀಲ್‌ಗೆ ನಿಜಕ್ಕೂ ಲಕ್ಷಗಟ್ಟಲೆ ಬೆಲೆ ಇದೆಯೇ?

ಚುಟುಕಾಗಿ ಉತ್ತರ: ಮೊದಲನೆಯದು ಪೂರ್ತಿ ಸುಳ್ಳು. ಎರಡನೆಯದು ಬಹುಪಾಲು ಸುಳ್ಳು. ಮೊದಲನೆಯ ತಪ್ಪು ತಿಳಿವಳಿಕೆಯಿಂದ ಜೀವಕ್ಕೇ ಅಪಾಯವಿದೆ. ಆದ್ದರಿಂದ ಸ್ವಲ್ಪ ವಿವರವಾಗಿ ನೋಡೋಣ.

ರೀಲ್ ಎಂದರೇನು?

ನಂಜನಗೂಡು ತಾಲ್ಲೂಕಿನ ಚಿಕ್ಕಯ್ಯನಛತ್ರ ಹೋಬಳಿಯಿಂದ ಟಿ. ನರಸೀಪುರದ ಸಂಗಮದವರೆಗೆ ಕಬಿನಿಯ ದಡದ ಊರುಗಳಲ್ಲಿ ಗಾಳ ಹಾಕುವುದನ್ನು ಯಾರಿಗೂ ಹೇಳಿಕೊಡಬೇಕಾಗಿಲ್ಲ. ಒಂದು ಬಿದಿರು ಕೋಲು, ದಾರ, ಬೆಂಡು, ಕೊಕ್ಕೆ, ಎರೆಹುಳು ಇದ್ದರೆ ಸಾಕು. ಇದರಲ್ಲಿ ದಾರದ ಉದ್ದ ಹೆಚ್ಚುಕಡಿಮೆ ಕೋಲಿನ ಉದ್ದದಷ್ಟೇ. ದೊಡ್ಡ ಮೀನು ಕಚ್ಚಿ ಓಡಿದರೆ ಬಿಡಲು ದಾರವಿಲ್ಲ. ಆಗ ದಾರ ಹರಿಯುತ್ತದೆ, ಇಲ್ಲವೇ ಕೋಲು ಮುರಿಯುತ್ತದೆ.

ಈ ಸಮಸ್ಯೆಗೆ ಪರಿಹಾರವೇ ರೀಲ್. ಇದು ಕೋಲಿಗೆ ಕಟ್ಟಿದ ಒಂದು ರಾಟೆ. ನೂರಾರು ಅಡಿ ದಾರವನ್ನು ಸುತ್ತಿಟ್ಟುಕೊಂಡು, ಮೀನು ಎಳೆದಾಗ ಬಿಗಿ ಹಿಡಿಯುತ್ತಲೇ ದಾರ ಬಿಡುತ್ತದೆ. ಮೀನು ದಣಿದ ಮೇಲೆ ಮತ್ತೆ ಸುತ್ತಿಕೊಳ್ಳುತ್ತದೆ.

ದಾಖಲೆಯ ಮೀನು ಸಿಕ್ಕಾಗ ಎಲೆಕ್ಟ್ರಾನಿಕ್ಸ್ ಇರಲಿಲ್ಲ

1946ರ ಮಾರ್ಚ್ 22ರಂದು ಇದೇ ಕಬಿನಿಯಲ್ಲಿ ಡಿವೆಟ್ ವ್ಯಾನ್ ಇಂಗೆನ್ ಎಂಬುವರ ಗಾಳಕ್ಕೆ 120 ಪೌಂಡ್, ಅಂದರೆ ಸುಮಾರು 54 ಕಿಲೋ ತೂಕದ ಮಹಶೀರ್ ಸಿಕ್ಕಿತು. ಗಾಳಕ್ಕೆ ಸಿಕ್ಕ ಅತಿ ದೊಡ್ಡ ಮಹಶೀರ್ ಎಂದು ಇಂದಿಗೂ ಉಲ್ಲೇಖವಾಗುವುದು ಈ ಮೀನೇ. ಡಿವೆಟ್ ಅವರದು ಸತ್ತ ಹುಲಿ, ಚಿರತೆಗಳ ಚರ್ಮವನ್ನು ಹದಮಾಡಿ ಜೀವಂತದಂತೆ ನಿಲ್ಲಿಸುವ ಕೆಲಸಕ್ಕೆ ಹೆಸರಾಗಿದ್ದ ಮೈಸೂರಿನ ಕುಟುಂಬ.

ಆ ಕಾಲದ ರೀಲ್‌ನಲ್ಲಿ ಇದ್ದದ್ದು ಲೋಹದ ಸುರುಳಿ, ಹಲ್ಲಿನ ಚಕ್ರ, ಬಿಗಿ ಹಿಡಿಯುವ ವ್ಯವಸ್ಥೆ ಇಷ್ಟೇ. ಬ್ಯಾಟರಿ ಇಲ್ಲ, ಡಿಸ್‌ಪ್ಲೇ ಇಲ್ಲ. ಉಳಿದ ಕೆಲಸವೆಲ್ಲ ಬೆರಳಿನದು ಮತ್ತು ತಾಳ್ಮೆಯದು. ಮುಂದೆ ಕಾವೇರಿಯಲ್ಲಿ ಮಹಶೀರ್ ಹಿಡಿಯಲು ವಿದೇಶಗಳಿಂದ ಬಂದವರೂ ಕೊಕ್ಕೆಗೆ ಹಾಕುತ್ತಿದ್ದದ್ದು ನಮ್ಮ ರಾಗಿ ಹಿಟ್ಟಿನ ಉಂಡೆಯನ್ನೇ.

ಹಾಗಾದರೆ ಎಲೆಕ್ಟ್ರಾನಿಕ್ಸ್ ಯಾಕೆ ಬಂತು?

ರೀಲ್ ಇರುವ ಗಾಳವನ್ನು ದೂರಕ್ಕೆ ಬೀಸಿದಾಗ ಸುರುಳಿ ರಭಸದಿಂದ ತಿರುಗುತ್ತದೆ. ಗಾಳ ಗಾಳಿಯಲ್ಲಿ ನಿಧಾನವಾದರೂ ಸುರುಳಿ ಅದೇ ವೇಗದಲ್ಲಿ ದಾರ ಬಿಡುತ್ತಲೇ ಇರುತ್ತದೆ. ಹೊರಗೆ ಹೋಗದ ದಾರ ಅಲ್ಲೇ ಗುಡ್ಡೆಯಾಗಿ ಸಿಕ್ಕಾಗುತ್ತದೆ. ಈ ಸಿಕ್ಕನ್ನು ತಪ್ಪಿಸುವ ಪ್ರಯತ್ನದಲ್ಲೇ ರೀಲ್‌ನ ತಂತ್ರಜ್ಞಾನ ಬೆಳೆಯಿತು.

* ಮೊದಲು ಹೆಬ್ಬೆರಳೇ ಬ್ರೇಕ್. ಸುರುಳಿಯ ಮೇಲೆ ಬೆರಳಿಟ್ಟು ವೇಗ ತಗ್ಗಿಸಬೇಕಿತ್ತು.

* 1952ರಲ್ಲಿ ಸ್ವೀಡನ್ನಿನ ಅಬು ಕಂಪನಿ 'ಅಂಬಾಸಡರ್' ಎಂಬ ರೀಲ್ ತಂದಿತು. ನಮ್ಮ ಅಂಬಾಸಡರ್ ಕಾರಿಗೂ ಇದಕ್ಕೂ ಸಂಬಂಧವಿಲ್ಲ. ಈ ಕಂಪನಿ 1921ರಲ್ಲಿ ಗಡಿಯಾರದ ಕಾರ್ಖಾನೆಯಾಗಿ ಶುರುವಾಗಿ ಟ್ಯಾಕ್ಸಿ ಮೀಟರ್ ಮಾಡುತ್ತಿತ್ತು. ಎರಡನೇ ಮಹಾಯುದ್ಧದಲ್ಲಿ ಪೆಟ್ರೋಲ್ ಸಿಗದೆ ಟ್ಯಾಕ್ಸಿಗಳು ನಿಂತಾಗ ರೀಲ್ ತಯಾರಿಕೆಗೆ ಇಳಿಯಿತು. ಸುರುಳಿ ಜೋರಾಗಿ ತಿರುಗಿದಾಗ ಒಳಗಿನ ಪುಟ್ಟ ಬಿಲ್ಲೆಗಳು ಹೊರಕ್ಕೆ ಸರಿದು ಉಜ್ಜುವುದು ಈ ರೀಲ್‌ನ ಬ್ರೇಕ್.

* 1980ರ ದಶಕದಲ್ಲಿ ಅಯಸ್ಕಾಂತದ ಬ್ರೇಕ್ ಜನಪ್ರಿಯವಾಯಿತು. ಅಲ್ಯೂಮಿನಿಯಂ ಅನ್ನು ಅಯಸ್ಕಾಂತ ಹಿಡಿಯುವುದಿಲ್ಲ. ಆದರೆ ಅಯಸ್ಕಾಂತದ ಪಕ್ಕದಲ್ಲಿ ತಿರುಗುವ ಅಲ್ಯೂಮಿನಿಯಂನೊಳಗೆ ಸುಳಿ ವಿದ್ಯುತ್ ಹುಟ್ಟಿ, ಅದು ತಿರುಗುವಿಕೆಯನ್ನೇ ತಡೆಯುತ್ತದೆ. ಮನೆಯ ಹಳೆಯ ಕರೆಂಟ್ ಮೀಟರಿನಲ್ಲಿ ನಿಧಾನವಾಗಿ ತಿರುಗುತ್ತಿದ್ದ ತಟ್ಟೆ ನೆನಪಿದೆಯೇ? ಅದರ ವೇಗವನ್ನು ಹತೋಟಿಯಲ್ಲಿ ಇಟ್ಟಿದ್ದದ್ದೂ ಇದೇ ತತ್ವ.

* 2000ರ ದಶಕದ ಆರಂಭದಲ್ಲಿ ಜಪಾನಿನ ಶಿಮಾನೊ ಕಂಪನಿ ರೀಲ್‌ನೊಳಗೆ ಪುಟ್ಟ ಕಂಪ್ಯೂಟರ್ ಚಿಪ್ ಇಟ್ಟಿತು. ಚಿಪ್ ಸುರುಳಿಯ ವೇಗ ಅಳೆದು ಬ್ರೇಕ್ ಹಾಕುತ್ತದೆ. ಇದಕ್ಕೆ ಬ್ಯಾಟರಿಯೇ ಬೇಡ. ಸೈಕಲ್ ಡೈನಮೊದಂತೆ ಸುರುಳಿ ತಿರುಗುವಾಗಲೇ ಬೇಕಾದ ವಿದ್ಯುತ್ ಹುಟ್ಟುತ್ತದೆ.

ಇವಲ್ಲದೆ ಮೋಟಾರ್ ಇರುವ ಎಲೆಕ್ಟ್ರಿಕ್ ರೀಲ್‌ಗಳೂ ಇವೆ. ಆಳ ಸಮುದ್ರದಲ್ಲಿ ನೂರಾರು ಮೀಟರ್ ಕೆಳಗಿಳಿಸಿದ ದಾರವನ್ನು ಕೈಯಲ್ಲಿ ಮತ್ತೆ ಮತ್ತೆ ಸುತ್ತಿ ತೆಗೆಯುವುದು ಕಷ್ಟ. ಆ ಕೆಲಸವನ್ನು ಮೋಟಾರ್ ಮಾಡುತ್ತದೆ. ಎಷ್ಟು ದಾರ ಹೋಗಿದೆ ಎಂದು ಪುಟ್ಟ ಡಿಸ್‌ಪ್ಲೇ ತೋರಿಸುತ್ತದೆ.

ಈ ರೀಲ್‌ನಿಂದ ನೀರಿಗೆ ಕರೆಂಟ್ ಹೋಗುತ್ತದೆಯೇ?

ಇಲ್ಲ. ಮೋಟಾರ್ ರೀಲ್‌ಗಳು ಸಾಮಾನ್ಯವಾಗಿ 12 ವೋಲ್ಟ್ ಬ್ಯಾಟರಿಯಲ್ಲಿ ಓಡುತ್ತವೆ. ವಿದ್ಯುತ್ ಮೋಟಾರಿನೊಳಗೇ ಉಳಿಯುತ್ತದೆ. ನೀರಿಗಿಳಿಯುವ ದಾರ ನೈಲಾನ್ ಅಥವಾ ಅಂಥದೇ ಪ್ಲಾಸ್ಟಿಕ್‌ನದು. ಅದು ಕರೆಂಟ್ ಒಯ್ಯುವ ತಂತಿಯಲ್ಲ. ಮೀನು ಕೊಕ್ಕೆಗೆ ಸಿಗುತ್ತದೆಯೇ ಹೊರತು ಶಾಕ್‌ಗೆ ಸಿಗುವುದಿಲ್ಲ.

ನೀರಿಗೆ ಕರೆಂಟ್ ಬಿಟ್ಟು ಮೀನು ಹಿಡಿಯುವುದು ಬೇರೆಯೇ ವಿಷಯ. ಕಂಬದ ತಂತಿಯಿಂದಲೋ ಇನ್ವರ್ಟರ್‌ನಿಂದಲೋ ತಂತಿ ಎಳೆದು ಹಳ್ಳ, ಕೆರೆ, ನಾಲೆಗೆ ಬಿಡುವ ಈ ಕೆಲಸವನ್ನು 'ಎಲೆಕ್ಟ್ರಿಕ್ ಫಿಶಿಂಗ್' ಎಂಬ ಹೆಸರಿನಲ್ಲಿ ಹೊಸ ತಂತ್ರಜ್ಞಾನದಂತೆ ತೋರಿಸುವ ವಿಡಿಯೊಗಳನ್ನು ನಂಬಬೇಡಿ. ಕಾರಣಗಳು ಇವು:

* ಮನೆಯ ಕರೆಂಟ್ 230 ವೋಲ್ಟ್. ಇನ್ವರ್ಟರ್‌ಗೆ ಬರುವುದು 12 ವೋಲ್ಟ್ ಆದರೂ ಹೊರಗೆ ಬರುವುದು ನೂರಾರು ವೋಲ್ಟ್. 'ಬ್ಯಾಟರಿ ತಾನೇ, ಏನಾಗುತ್ತೆ' ಎನ್ನುವುದು ತಪ್ಪು ಲೆಕ್ಕ.

* ಸಿಹಿನೀರಿಗಿಂತ ನಮ್ಮ ದೇಹದ ಒಳಭಾಗ ಹೆಚ್ಚು ಚೆನ್ನಾಗಿ ವಿದ್ಯುತ್ ಒಯ್ಯುತ್ತದೆ. ಹೀಗಾಗಿ ನೀರಿನಲ್ಲಿರುವ ಮೀನಿನ ಮೂಲಕ ಹರಿಯುವಂತೆಯೇ ಮನುಷ್ಯನ ಮೂಲಕವೂ ಕರೆಂಟ್ ಹರಿಯುತ್ತದೆ. ಸ್ನಾಯು ಸೆಟೆದುಕೊಂಡರೆ ಈಜು ಬಲ್ಲವರೂ ಮುಳುಗುತ್ತಾರೆ. ಹೃದಯ ನಿಲ್ಲಲೂಬಹುದು.

* ಮೀನು ಉದ್ದವಿದ್ದಷ್ಟೂ ಅದರ ತಲೆ ಮತ್ತು ಬಾಲದ ನಡುವಿನ ವೋಲ್ಟೇಜ್ ಹೆಚ್ಚು. ಮೊಟ್ಟೆಯಿಡುವ ದೊಡ್ಡ ಮೀನಿಗೇ ಪೆಟ್ಟು ಜಾಸ್ತಿ. ಬದುಕಿ ಉಳಿದವುಗಳಿಗೂ ಬೆನ್ನುಮೂಳೆ ಮುರಿದಿರಬಹುದು.

* ತಂತಿಯಿಂದ ಕದ್ದು ಕರೆಂಟ್ ಎಳೆಯುವುದು 2003ರ ವಿದ್ಯುತ್ ಕಾಯ್ದೆಯ ಪ್ರಕಾರ ಅಪರಾಧ. ಸಿಡಿಮದ್ದು ಹಾಕಿ ಅಥವಾ ವಿಷ ಬೆರೆಸಿ ಮೀನು ಹಿಡಿಯುವುದನ್ನು 1897ರ ಮೀನುಗಾರಿಕೆ ಕಾಯ್ದೆಯೇ ನಿಷೇಧಿಸಿದೆ.

ವಿಜ್ಞಾನಿಗಳೂ ಸಮೀಕ್ಷೆಗಾಗಿ ಮೀನುಗಳನ್ನು ಕ್ಷಣಕಾಲ ಮಂಕಾಗಿಸಲು ವಿದ್ಯುತ್ ಬಳಸುತ್ತಾರೆ, ನಿಜ. ಆದರೆ ಅದು ಅಳೆದು ಬಿಡುವ ವಿದ್ಯುತ್. ರಬ್ಬರ್ ಬೂಟು, ಕೈಗವಸು, ತರಬೇತಿ ಪಡೆದ ತಂಡ ಜೊತೆಗಿರುತ್ತದೆ.

ಯಾರಾದರೂ ನೀರಿನಲ್ಲಿ ಶಾಕ್ ಹೊಡೆದು ಬಿದ್ದರೆ ತಕ್ಷಣ ನೀವೂ ನೀರಿಗೆ ಇಳಿಯಬೇಡಿ. ಉಳಿಸಲು ಹೋದವರಿಗೂ ಅದೇ ಕರೆಂಟ್ ಹೊಡೆಯುತ್ತದೆ. ಮೊದಲು ಕರೆಂಟ್ ನಿಲ್ಲಿಸಬೇಕು. ವಿದ್ಯುತ್ ಸಹಾಯವಾಣಿ 1912, ತುರ್ತು ಸಹಾಯ 112.

ಹಳೆಯ ರೀಲ್‌ಗೆ ಲಕ್ಷ ರೂಪಾಯಿ ಸಿಗುತ್ತದೆಯೇ?

ಹಳೆಯ ಗಾಳದ ಸಾಮಾನು ಸಂಗ್ರಹಿಸುವವರು ಪ್ರಪಂಚದಾದ್ಯಂತ ಇದ್ದಾರೆ. ಪ್ರಸಿದ್ಧ ಕಂಪನಿಯ, ಅಪರೂಪದ, ಸುಸ್ಥಿತಿಯಲ್ಲಿರುವ ಕೆಲವಕ್ಕೆ ಒಳ್ಳೆಯ ಬೆಲೆಯೂ ಇದೆ. ಆದರೆ ಹಳೆಯದಾದ ಮಾತ್ರಕ್ಕೆ ಬೆಲೆ ಬರುವುದಿಲ್ಲ. ಸಾವಿರಾರು ಸಂಖ್ಯೆಯಲ್ಲಿ ತಯಾರಾದ ರೀಲ್ ಹಳೆಯದಾದರೂ ಸಾಮಾನ್ಯವೇ.

ಮೆಕ್ಯಾನಿಕಲ್ ರೀಲ್ ಮೇಲೆ ಜನರಿಗೆ ಪ್ರೀತಿ ಇರುವುದಕ್ಕೆ ಸರಳ ಕಾರಣವಿದೆ. ಅದನ್ನು ಬಿಚ್ಚಿ, ತುಕ್ಕು ತೆಗೆದು, ಎಣ್ಣೆ ಬಿಟ್ಟರೆ 50 ವರ್ಷದ ಮೇಲೂ ತಿರುಗುತ್ತದೆ. ಅಜ್ಜನ ಹೊಲಿಗೆ ಯಂತ್ರ ಇಂದಿಗೂ ಓಡುವ ಹಾಗೆ. ಆರಂಭದ ಎಲೆಕ್ಟ್ರಾನಿಕ್ ರೀಲ್‌ಗಳಿಗೆ ಈ ಭಾಗ್ಯ ಕಡಿಮೆ. ಡಿಸ್‌ಪ್ಲೇ ಮಂಕಾಗುತ್ತದೆ, ಸರ್ಕ್ಯೂಟ್ ತುಕ್ಕು ಹಿಡಿಯುತ್ತದೆ, ಬಿಡಿಭಾಗ ಸಿಗುವುದಿಲ್ಲ.

ಅವುಗಳೊಳಗೆ ಗುಪ್ತ ಲೋಹವಾಗಲಿ, ರೆಡ್ ಮರ್ಕ್ಯುರಿಯಾಗಲಿ ಇರುವುದಿಲ್ಲ. 'ನಿಮ್ಮ ರೀಲ್ ಕೊಳ್ಳುತ್ತೇವೆ, ಮೊದಲು ಪರೀಕ್ಷಾ ಶುಲ್ಕ ಕಳುಹಿಸಿ' ಎಂದರೆ ಅದು ಮೋಸ. ಹಣ ಪಡೆಯಲು ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡುವ, ಯುಪಿಐ ಪಿನ್ ಒತ್ತುವ ಅಗತ್ಯ ಎಂದೂ ಇಲ್ಲ. ಹಣ ಹೋಗಿದ್ದರೆ ತಡಮಾಡದೆ ಸೈಬರ್ ಸಹಾಯವಾಣಿ 1930ಕ್ಕೆ ಕರೆ ಮಾಡಿ.

ಹಳೆಯ ರೀಲ್, ಕೋಲು ಕೈಗೆ ಸಿಕ್ಕರೆ

* ಬ್ಯಾಟರಿ ಜಾಗದಲ್ಲಿ ಬಿಳಿ ಅಥವಾ ಹಸಿರು ಪುಡಿ ಇದ್ದರೆ ಬರಿಗೈಯಲ್ಲಿ ಮುಟ್ಟಬೇಡಿ. ಸೋರಿದ ಬ್ಯಾಟರಿಯ ರಾಸಾಯನಿಕ ಚರ್ಮ, ಕಣ್ಣನ್ನು ಸುಡಬಲ್ಲದು.

* ಗಾಳಕ್ಕೆ ಕಟ್ಟುವ ಹಳೆಯ ಗುಂಡುಗಳು ಹೆಚ್ಚಾಗಿ ಸೀಸದವು. ಸೀಸ ವಿಷ. ಹಲ್ಲಿನಿಂದ ಕಚ್ಚಬೇಡಿ, ಮಕ್ಕಳ ಕೈಗೆ ಕೊಡಬೇಡಿ, ಮುಟ್ಟಿದ ಮೇಲೆ ಕೈ ತೊಳೆಯಿರಿ.

* ಕಾರ್ಬನ್ ಕೋಲು ಕರೆಂಟ್ ಒಯ್ಯುತ್ತದೆ. ವಿದ್ಯುತ್ ತಂತಿಯ ಕೆಳಗೆ ಗಾಳ ಬೀಸಬೇಡಿ. ಗುಡುಗು ಕೇಳಿದರೆ ಕೋಲು ಕೆಳಗಿಟ್ಟು ದಡ ಬಿಟ್ಟು ಬನ್ನಿ.

ನಿಜವಾಗಿ ಅಪರೂಪವಾದದ್ದು ಯಾವುದು?

ಕಬಿನಿ, ಕಾವೇರಿಯ ಆ ದೈತ್ಯ ಮೀನಿಗೆ ಡುಬ್ಬದ ಮಹಶೀರ್ ಎನ್ನಬಹುದು. ಕಾವೇರಿ ಮತ್ತು ಅದರ ಉಪನದಿಗಳನ್ನು ಬಿಟ್ಟರೆ ಜಗತ್ತಿನ ಬೇರೆ ಯಾವ ನದಿಯಲ್ಲೂ ಇದು ಹುಟ್ಟಿಲ್ಲ. ನೂರು ವರ್ಷಕ್ಕೂ ಹೆಚ್ಚು ಕಾಲದಿಂದ ಪ್ರಸಿದ್ಧವಾಗಿದ್ದರೂ ಇದು 'ಟಾರ್ ರೆಮಾದೇವಿ' ಎಂಬ ಪ್ರಭೇದ ಎಂದು ವಿಜ್ಞಾನಿಗಳು ಖಚಿತಪಡಿಸಿದ್ದು 2018ರಲ್ಲಿ. ಅದೇ ವರ್ಷ ಇದು ಅಳಿವಿನ ತೀವ್ರ ಅಪಾಯದಲ್ಲಿರುವ ಜೀವಿಗಳ ಕೆಂಪು ಪಟ್ಟಿಗೆ ಸೇರಿತು. ಅಣೆಕಟ್ಟು, ಮರಳು ಗಣಿಗಾರಿಕೆ, ಸಿಡಿಮದ್ದು, ಹೊರಗಿನಿಂದ ತಂದು ಬಿಟ್ಟ ಬೇರೆ ಜಾತಿಯ ಮಹಶೀರ್ ಎಲ್ಲವೂ ಸೇರಿ ಇದನ್ನು ಈ ಸ್ಥಿತಿಗೆ ತಂದಿವೆ.

1946ರ ರೀಲ್‌ನಂಥದ್ದನ್ನು ಇಂದೂ ಹುಡುಕಿ ಕೊಳ್ಳಬಹುದು, ರಿಪೇರಿಯನ್ನೂ ಮಾಡಬಹುದು. ಆ ಮೀನನ್ನು ಎಷ್ಟು ಹಣ ಕೊಟ್ಟರೂ ಹಾಗೆ ತರಲಾಗದು. ಒಂದು ತಂತಿ, ಒಂದು ಇನ್ವರ್ಟರ್ ನೀರಿಗಿಳಿದರೆ ಉಳಿದಿರುವ ಕೆಲವೂ ಹೋಗುತ್ತವೆ, ಜೊತೆಗೆ ಮನುಷ್ಯರೂ.

ಹಂಚಿಕೊಳ್ಳುವುದಾದರೆ ಇಷ್ಟನ್ನು ಹಂಚಿಕೊಳ್ಳಿ: ಎಲೆಕ್ಟ್ರಾನಿಕ್ ರೀಲ್ ನೀರಿಗೆ ಕರೆಂಟ್ ಬಿಡುವುದಿಲ್ಲ. ನೀರಿಗೆ ಕರೆಂಟ್ ಬಿಡುವುದು ಮೀನುಗಾರಿಕೆಯಲ್ಲ, ಜೀವ ತೆಗೆಯುವ ಕೆಲಸ. ಹಳೆಯ ರೀಲ್‌ನಲ್ಲಿ ನಿಧಿ ಇದೆ ಎಂದು ಯಾರಾದರೂ ಹೇಳಿದರೆ, ಅವರು ರೀಲು ಬಿಡುತ್ತಿದ್ದಾರೆ ಎಂದೇ ತಿಳಿಯಿರಿ.