ಬಂದರಿನ ಮೇಲೆ ಬಾಣಬಿರುಸು: ದೋಣಿಗಳ ಸುರಕ್ಷತೆ ಮತ್ತು ನಿಷೇಧವಲಯದ ಮಿತಿ

ಬಾಣಬಿರುಸನ್ನು ಊರ ನಡುವಿನ ಮೈದಾನಕ್ಕಿಂತ ನೀರಿನ ಮೇಲಿಂದ ಹಾರಿಸುವುದು ಕ್ಷೇಮವೆಂಬ ಎಣಿಕೆಗೆ ಆಧಾರವಿದೆ. ಉರಿಯುವ ಚೂರು ಬಿದ್ದರೆ ಹೊತ್ತಿಕೊಳ್ಳಲು ಅಲ್ಲಿ ಸೂರಿಲ್ಲ, ಒಣಹುಲ್ಲಿಲ್ಲ. ಮದ್ದು ತುಂಬಿದ ಬಾರ್ಜನ್ನು ಬೇಕಾದಷ್ಟು ದೂರ ಎಳೆದೊಯ್ದು ನಿಲ್ಲಿಸಬಹುದು. ಸಿಡ್ನಿ, ಹಾಂಗ್‌ಕಾಂಗ್, ಸ್ಯಾನ್ ಡಿಯಾಗೊ ಮುಂತಾದ ಬಂದರು ನಗರಗಳು ತಮ್ಮ ದೊಡ್ಡ ಪ್ರದರ್ಶನಗಳಿಗೆ ನೀರನ್ನು ಆರಿಸಿಕೊಂಡದ್ದರಲ್ಲಿ ಅಚ್ಚರಿಯಿಲ್ಲ. ಆದರೆ ದಡದಲ್ಲಿ ಜನರನ್ನು ತಡೆದು ನಿಲ್ಲಿಸುವ ಬೇಲಿಯನ್ನು ನೀರಿನ ಮೇಲೆ ಕಟ್ಟಲಾಗದು. ನೋಡಲು ಬರುವ ದೋಣಿಗಳೆಲ್ಲ ಕತ್ತಲಲ್ಲಿ, ಒಂದೇ ಹೊತ್ತಿಗೆ, ಒಂದೇ ಕಡೆ ಸೇರುತ್ತವೆ. ಮುಗಿದೊಡನೆ ಎಲ್ಲವೂ ಒಟ್ಟಿಗೆ ಹೊರಡುತ್ತವೆ. ಹಾಗಾಗಿ ದೋಣಿಯಲ್ಲಿರುವವರಿಗೆ ಅಪಾಯ ಎರಡು ದಿಕ್ಕಿನಿಂದ ಬರುತ್ತದೆ: ಆಕಾಶದಿಂದ ಬೀಳುವ ಬೆಂಕಿ ಒಂದು, ನೀರಿನ ಮೇಲಿನ ಸಂಚಾರ ಇನ್ನೊಂದು. ಮೊದಲನೆಯದಕ್ಕೆ ಅಳತೆಯಿದೆ, ಕಾನೂನಿದೆ. ಈ ಲೇಖನ ಪರಿಶೀಲಿಸುವ ಪ್ರಕರಣಗಳಲ್ಲಿ ಜೀವಗಳು ಹೋದದ್ದು ಎರಡನೆಯದರಿಂದ.

ಬೆಂಕಿಯ ಅಳತೆ ಹೀಗಿದೆ. ಪ್ರದರ್ಶನದಲ್ಲಿ ಬಳಸುವ ಮದ್ದಿನ ಗುಂಡನ್ನು ಅದರ ವ್ಯಾಸದಿಂದ ಗುರುತಿಸುತ್ತಾರೆ: 3 ಅಂಗುಲದ್ದು, 6 ಅಂಗುಲದ್ದು, 12 ಅಂಗುಲದ್ದು. ಕೊಳವೆಯ ತಳದಲ್ಲಿರುವ ಕರಿಮದ್ದು ಗುಂಡನ್ನು ಮೇಲಕ್ಕೆ ಎಸೆಯುತ್ತದೆ. ಪ್ರತಿ ಅಂಗುಲ ವ್ಯಾಸಕ್ಕೆ ಸುಮಾರು 100 ಅಡಿ ಎತ್ತರವೆಂಬುದು ಕಸುಬಿನವರ ಒರಟು ಲೆಕ್ಕ. ಗುಂಡು ಓರೆಯಾಗಿ ಹಾರಬಹುದು, ತಡವಾಗಿ ಕೆಳಮಟ್ಟದಲ್ಲಿ ಸಿಡಿಯಬಹುದು, ಸಿಡಿಯದೆಯೇ ಬೀಳಬಹುದು. ಇವೆಲ್ಲವನ್ನೂ ಲೆಕ್ಕಕ್ಕೆ ತೆಗೆದುಕೊಂಡು ಅಮೆರಿಕದ ಅಗ್ನಿಸುರಕ್ಷತಾ ಸಂಸ್ಥೆಯಾದ ಎನ್‌ಎಫ್‌ಪಿಎ ತನ್ನ 1123ನೆಯ ಮಾನದಂಡದಲ್ಲಿ ಪ್ರತಿ ಅಂಗುಲಕ್ಕೆ ಕನಿಷ್ಠ 70 ಅಡಿ ದೂರವನ್ನು ಗೊತ್ತುಪಡಿಸಿದೆ. 6 ಅಂಗುಲದ ಗುಂಡಿಗೆ 420 ಅಡಿ, 12 ಅಂಗುಲದ್ದಕ್ಕೆ 840 ಅಡಿ, ಅಂದರೆ ಸುಮಾರು 256 ಮೀಟರ್. ಆ ರಾತ್ರಿ ಹಾರಿಸುವ ಅತಿ ದೊಡ್ಡ ಗುಂಡು ಯಾವುದೋ, ಬಾರ್ಜಿನ ಸುತ್ತಲಿನ ನಿಷೇಧವೃತ್ತದ ಗಾತ್ರವನ್ನು ಅದೇ ನಿರ್ಧರಿಸುತ್ತದೆ.

ಈ ದೂರಕ್ಕೆ ಕಾನೂನಿನ ಬಲ ಕೊಡುವುದು ಅಮೆರಿಕದ ಕೋಸ್ಟ್ ಗಾರ್ಡ್. 1972ರ ಬಂದರು ಮತ್ತು ಜಲಮಾರ್ಗ ಸುರಕ್ಷತಾ ಕಾಯ್ದೆಯ ಅಡಿಯಲ್ಲಿ ಬಂದರಿನ ಹೊಣೆಹೊತ್ತ ಅಧಿಕಾರಿ ನಿಗದಿತ ಹೊತ್ತಿಗೆ, ನಿಗದಿತ ಜಾಗದಲ್ಲಿ ಸುರಕ್ಷತಾ ವಲಯವನ್ನು ಘೋಷಿಸುತ್ತಾನೆ. ಅವನ ಅನುಮತಿಯಿಲ್ಲದೆ ಯಾವ ದೋಣಿಯೂ ಅದರೊಳಗೆ ಹೋಗುವಂತಿಲ್ಲ. ಸ್ಯಾನ್ ಫ್ರಾನ್ಸಿಸ್ಕೊ ಕೊಲ್ಲಿಯ ಆದೇಶಗಳಲ್ಲಿ ಒಂದು ಜಾಣತನವಿದೆ. ಅಲ್ಲಿನ ವಲಯ ಪ್ರದರ್ಶನದೊಂದಿಗೆ ಹುಟ್ಟುವುದಿಲ್ಲ. ಬಾರ್ಜಿಗೆ ಮದ್ದು ತುಂಬುವಾಗ ಮತ್ತು ಅದನ್ನು ಎಳೆದುಕೊಂಡು ಹೋಗುವಾಗ ಅದರ ಸುತ್ತ 100 ಅಡಿಯ ಚಿಕ್ಕ ವಲಯ ಇರುತ್ತದೆ, ಬಾರ್ಜ್ ಚಲಿಸಿದಂತೆ ವಲಯವೂ ಚಲಿಸುತ್ತದೆ. ಪ್ರದರ್ಶನದ ಹೊತ್ತಿಗೆ ಅದೇ ವಲಯ ನೂರಾರು ಅಡಿಗಳಿಗೆ ಹಿಗ್ಗುತ್ತದೆ. ಮದ್ದು ಅಪಾಯಕಾರಿಯಾಗುವುದು ಹಾರಿದ ಮೇಲಲ್ಲ, ಬಾರ್ಜಿನ ಮೇಲೆ ಇಟ್ಟಾಗಿನಿಂದಲೇ ಎಂಬ ತಿಳಿವಳಿಕೆ ಈ ನಿಯಮದ ಹಿಂದಿದೆ. ಗಾಳಿಯ ವಿಷಯ ಮಾತ್ರ ವೃತ್ತದಲ್ಲಿ ಸರಿಯಾಗಿ ಹಿಡಿಸುವುದಿಲ್ಲ. ಉರಿದ ರಟ್ಟಿನ ಚೂರುಗಳೂ ದಟ್ಟ ಹೊಗೆಯೂ ಗಾಳಿ ಹೋದತ್ತ ಹೋಗುತ್ತವೆ. ಗಾಳಿ ಬೀಸಿ ಬರುವ ಕಡೆಯಲ್ಲಿ ಲಂಗರು ಹಾಕಿದ ದೋಣಿಗೆ ಬಟ್ಟೆಯ ಮೇಲ್ಛಾವಣಿ ಹೊತ್ತಿಕೊಳ್ಳುವ ಭಯವೂ ಕಡಿಮೆ, ಹೊಗೆಯಲ್ಲಿ ಕಣ್ಣು ಕಟ್ಟುವ ತೊಂದರೆಯೂ ಕಡಿಮೆ.

ವೃತ್ತದ ಕಠಿಣ ಪರೀಕ್ಷೆ ನಡೆದದ್ದು 2012ರ ಜುಲೈ 4ರ ರಾತ್ರಿ, ಸ್ಯಾನ್ ಡಿಯಾಗೊ ಕೊಲ್ಲಿಯಲ್ಲಿ. ಸುಮಾರು 18 ನಿಮಿಷ ನಡೆಯಬೇಕಿದ್ದ ಪ್ರದರ್ಶನದ ಮದ್ದೆಲ್ಲ, ಹಾರಿಸುವ ಕ್ರಮವನ್ನು ನಿಯಂತ್ರಿಸುವ ಕಂಪ್ಯೂಟರಿನ ದೋಷದಿಂದ, ನಿಗದಿತ ಹೊತ್ತಿಗೆ ಮೊದಲೇ ಅರ್ಧ ನಿಮಿಷದೊಳಗೆ ಒಟ್ಟಿಗೆ ಸಿಡಿಯಿತು. ಬಾರ್ಜುಗಳ ಮೇಲೆ ಬೆಂಕಿಯ ಗೋಡೆಯೇ ಎದ್ದಿತು. ಯಾರಿಗೂ ಗಾಯವಾಗಲಿಲ್ಲ. ಜನ ಇದನ್ನು ನಗೆಯ ಸುದ್ದಿಯಾಗಿ ನೆನೆಯುತ್ತಾರೆ. ಸುರಕ್ಷತೆಯ ದೃಷ್ಟಿಯಿಂದ ನೋಡಿದರೆ ಇದು ದೂರದ ನಿಯಮ ಗೆದ್ದ ರಾತ್ರಿ. ಯಂತ್ರ ಕೆಟ್ಟಾಗಲೂ ಮನುಷ್ಯರು ಉಳಿಯುವಂತೆ ಜಾಗ ಬಿಟ್ಟಿದ್ದರು.

ಅದೇ ರಾತ್ರಿ ಆ ದೇಶದ ಇನ್ನೊಂದು ತೀರದಲ್ಲಿ, ನ್ಯೂಯಾರ್ಕಿನ ಆಯ್‌ಸ್ಟರ್ ಬೇ ಬಳಿ, ಬಾಣಬಿರುಸು ಯಾವ ತೊಡಕೂ ಇಲ್ಲದೆ ಮುಗಿಯಿತು. ನೋಡಿ ಮರಳುತ್ತಿದ್ದ 34 ಅಡಿ ಉದ್ದದ ವಿಹಾರದೋಣಿಯೊಂದು ಮಗುಚಿತು. ಅದರಲ್ಲಿ 27 ಜನರಿದ್ದರು. ಮೂವರು ಮಕ್ಕಳು ಸತ್ತರು. ಬೆಂಕಿ ಅವರ ಹತ್ತಿರಕ್ಕೂ ಸುಳಿದಿರಲಿಲ್ಲ.

ದೋಣಿ ಮಗುಚುವ ಬಗೆಯನ್ನು ಇಲ್ಲಿ ಸ್ವಲ್ಪ ವಿವರವಾಗಿ ನೋಡಬೇಕು. ದೋಣಿಯ ಸ್ಥಿರತೆ ಭಾರ ಎಷ್ಟು ಎಂಬುದರ ಜೊತೆಗೆ ಭಾರ ಎಲ್ಲಿದೆ ಎಂಬುದನ್ನೂ ಅವಲಂಬಿಸಿದೆ. ಒಳಗೆ ಕೂತಿದ್ದವರು ಆಕಾಶ ನೋಡಲು ಮೇಲಿನ ಅಟ್ಟಕ್ಕೆ ಏರಿದರೆ ಗುರುತ್ವಕೇಂದ್ರ ಮೇಲೇರುತ್ತದೆ. ಎಲ್ಲರೂ ಬಾರ್ಜ್ ಇರುವ ಬದಿಗೇ ಸರಿದರೆ ದೋಣಿ ಆ ಕಡೆ ವಾಲುತ್ತದೆ. ನಿಂತ ನೀರಿನಲ್ಲಿ ಇದನ್ನು ತಾಳಿಕೊಳ್ಳುವ ದೋಣಿ, ಪಕ್ಕದಲ್ಲಿ ವೇಗವಾಗಿ ಹೋದ ಇನ್ನೊಂದರ ಅಲೆ ಬಡಿದಾಗ ತಾಳಲಾರದು. ವಾಲಿದ ದೋಣಿಯ ತಳಕ್ಕೆ ನೀರು ಹೊಕ್ಕರೆ ಅದೂ ವಾಲಿದ ಬದಿಗೇ ಹರಿದು ವಾಲುವಿಕೆಯನ್ನು ಹೆಚ್ಚಿಸುತ್ತದೆ. ಗೋಡೆ ಕಟ್ಟಿದ ಬಂದರುಗಳಲ್ಲಿ ಅಲೆಗಳು ಗೋಡೆಗೆ ಬಡಿದು ಹಿಂದಿರುಗಿ ಒಂದಕ್ಕೊಂದು ಅಡ್ಡಲಾಗಿ ಬರುವುದರಿಂದ ಚುಕ್ಕಾಣಿ ಹಿಡಿದವನಿಗೆ ಅಲೆಯ ದಿಕ್ಕೂ ತಿಳಿಯದು. ಇಷ್ಟಾಗಿಯೂ ಅಮೆರಿಕದ ಫೆಡರಲ್ ನಿಯಮದಂತೆ ಎಷ್ಟು ಜನ ಹತ್ತಬಹುದೆಂದು ತಿಳಿಸುವ ಫಲಕ ಕಡ್ಡಾಯವಾಗಿರುವುದು 20 ಅಡಿಗಿಂತ ಚಿಕ್ಕ ದೋಣಿಗಳಿಗೆ ಮಾತ್ರ. 34 ಅಡಿಯ ದೋಣಿಯಲ್ಲಿ ಸಂಖ್ಯೆಯನ್ನು ತೀರ್ಮಾನಿಸುವವನು ಅದರ ಚಾಲಕ. ಹಬ್ಬದ ದಿನ ನೆಂಟರಿಗೆ ಬೇಡವೆನ್ನುವುದು ಸುಲಭವಲ್ಲ. ಲೈಫ್ ಜಾಕೆಟ್ ನೀರಿಗೆ ಬಿದ್ದವರನ್ನು ತೇಲಿಸುತ್ತದೆ, ಮಗುಚಿದ ದೋಣಿಯ ಕೋಣೆಯೊಳಗೆ ಸಿಕ್ಕಿಕೊಂಡವರಿಗೆ ಅದರಿಂದ ಹೆಚ್ಚಿನ ನೆರವಿಲ್ಲ. ಆದ್ದರಿಂದ ಹತ್ತುವಾಗಿನ ತಲೆ ಎಣಿಕೆಯೇ ಮೊದಲ ರಕ್ಷಣೆ. ಒಂದೇ ದಿನದ ಜನಸಂದಣಿ ದೋಣಿಗಳ ಮೇಲೆ ಹೇರುವ ಒತ್ತಡ ಕರ್ನಾಟಕಕ್ಕೂ ಹೊಸದಲ್ಲ: 2019ರ ಜನವರಿ 21ರಂದು ಕಾರವಾರದ ಕೂರ್ಮಗಡ ನಡುಗಡ್ಡೆಯ ನರಸಿಂಹ ಜಾತ್ರೆಯಿಂದ ಮರಳುತ್ತಿದ್ದ ದೋಣಿ ಮಗುಚಿ 16 ಜನ ಸತ್ತರು. ಅಲ್ಲಿ ಬಾಣಬಿರುಸಿನ ಪ್ರಸಂಗವಿಲ್ಲ. ಜನ ಒಟ್ಟಿಗೆ ಹೋಗಿ ಒಟ್ಟಿಗೆ ಮರಳುವ ಕ್ರಮ ಮಾತ್ರ ಅದೇ.

ಪ್ರದರ್ಶನಕ್ಕೆ ಹೋಗುವ ದಾರಿಯೂ ಅಷ್ಟೇ ಅಪಾಯದ್ದೆಂದು ತೋರಿಸಿದ್ದು ಹಾಂಗ್‌ಕಾಂಗ್. 2012ರ ಅಕ್ಟೋಬರ್ 1ರಂದು, ರಾಷ್ಟ್ರೀಯ ದಿನದ ಬಾಣಬಿರುಸನ್ನು ವಿಕ್ಟೋರಿಯಾ ಬಂದರಿನಲ್ಲಿ ನೋಡಲು ವಿದ್ಯುತ್ ಕಂಪನಿಯೊಂದರ ನೌಕರರೂ ಅವರ ಮನೆಯವರೂ ‘ಲಾಮಾ 4’ ಎಂಬ ಹಡಗಿನಲ್ಲಿ ಹೊರಟಿದ್ದರು. ರಾತ್ರಿ 8.20ರ ಹೊತ್ತಿಗೆ ಲಾಮಾ ದ್ವೀಪದ ಬಳಿ ‘ಸೀ ಸ್ಮೂತ್’ ಎಂಬ ವೇಗದ ಫೆರಿ ಅದಕ್ಕೆ ಡಿಕ್ಕಿ ಹೊಡೆಯಿತು. ಲಾಮಾ 4ರ ಹಿಂಭಾಗ ಕೆಲವೇ ನಿಮಿಷಗಳಲ್ಲಿ ಮುಳುಗಿತು. 39 ಜನ ಸತ್ತರು. 2013ರಲ್ಲಿ ಹೊರಬಂದ ವಿಚಾರಣಾ ಆಯೋಗದ ವರದಿ ಎರಡೂ ಕಡೆಯ ಚಾಲಕರು ಸರಿಯಾಗಿ ಕಾವಲು ನೋಡದಿದ್ದುದನ್ನು ಎತ್ತಿ ತೋರಿಸಿತು. ಅದಕ್ಕಿಂತ ಗಂಭೀರವಾದದ್ದು ಹಡಗಿನ ಒಳಗಿತ್ತು: ಹಿಂಭಾಗದ ಅಡ್ಡಗೋಡೆಯೊಂದರಲ್ಲಿ ನೀರು ನುಗ್ಗದಂತೆ ತಡೆಯಬೇಕಿದ್ದ ಬಾಗಿಲೇ ಇರಲಿಲ್ಲ, ತಪಾಸಣೆಗಳಲ್ಲಿ ಅದು ಯಾರ ಗಮನಕ್ಕೂ ಬಂದಿರಲಿಲ್ಲ. ಮಕ್ಕಳ ಅಳತೆಯ ಲೈಫ್ ಜಾಕೆಟ್‌ಗಳು ಹಡಗಿನಲ್ಲಿರಲಿಲ್ಲ. ಮೇಲಿನ ಅಂತಸ್ತಿನ ಆಸನಗಳು ನೆಲದಿಂದ ಕಿತ್ತುಬಂದವು. ಬಳಿಕ ಹಾಂಗ್‌ಕಾಂಗ್‌ನ ಸಾಗರ ಇಲಾಖೆ ಬಾಣಬಿರುಸಿನ ರಾತ್ರಿ ಬಂದರಿಗೆ ಬರುವ ದೋಣಿಗಳಲ್ಲಿ ಮಕ್ಕಳು ಲೈಫ್ ಜಾಕೆಟ್ ತೊಟ್ಟೇ ಇರಬೇಕು, ಹತ್ತಿದವರ ಪಟ್ಟಿ ಇರಬೇಕು ಎಂಬ ನಿಯಮ ತಂದಿತು. ಪಟ್ಟಿಯಿಲ್ಲದೆ ನೀರಿನಲ್ಲಿ ಇನ್ನೂ ಎಷ್ಟು ಜನರನ್ನು ಹುಡುಕಬೇಕೆಂಬುದೇ ರಕ್ಷಣಾ ತಂಡಕ್ಕೆ ತಿಳಿಯುವುದಿಲ್ಲ.

ಕಾವಲು ನೋಡುವ ಕಣ್ಣಿಗೆ ಬಾಣಬಿರುಸು ನೇರವಾಗಿಯೇ ಅಡ್ಡಿ. ಮನುಷ್ಯನ ಕಣ್ಣು ಕತ್ತಲಿಗೆ ಪೂರ್ತಿ ಹೊಂದಿಕೊಳ್ಳಲು ಅರ್ಧ ಗಂಟೆಯಷ್ಟು ಹಿಡಿಯುತ್ತದೆ. ಒಂದು ಬಿಳಿ ಮಿಂಚು ಅದನ್ನು ಕ್ಷಣದಲ್ಲಿ ಕೆಡಿಸುತ್ತದೆ. 1972ರ ಅಂತರರಾಷ್ಟ್ರೀಯ ಡಿಕ್ಕಿ ತಡೆ ನಿಯಮಗಳ ಪ್ರಕಾರ ಚಲಿಸುವ ದೋಣಿಯ ಎಡಬದಿಯಲ್ಲಿ ಕೆಂಪು, ಬಲಬದಿಯಲ್ಲಿ ಹಸಿರು ದೀಪ ಉರಿಯಬೇಕು, ಲಂಗರು ಹಾಕಿದ ಚಿಕ್ಕ ದೋಣಿ ಸುತ್ತಲೂ ಕಾಣುವ ಬಿಳಿ ದೀಪ ಹೊತ್ತಿಸಬೇಕು. ಪ್ರದರ್ಶನ ಚೆನ್ನಾಗಿ ಕಾಣಲೆಂದು ಆ ದೀಪ ಆರಿಸುವವರೂ ಇದ್ದಾರೆ, ಅಲಂಕಾರದ ಬಣ್ಣದ ಸರಗಳ ನಡುವೆ ಅದನ್ನು ಮುಳುಗಿಸುವವರೂ ಇದ್ದಾರೆ. ದಡದ ಬೀದಿದೀಪಗಳ ಹಿನ್ನೆಲೆಯಲ್ಲಿ ಎರಡೂ ಒಂದೇ ಫಲ ಕೊಡುತ್ತವೆ. ಅದೇ ನಿಯಮಾವಳಿಯ ನಾಲ್ಕನೆಯ ಅನುಬಂಧ ಇನ್ನೊಂದು ತೊಡಕನ್ನು ತೋರಿಸುತ್ತದೆ: ಕೆಂಪು ನಕ್ಷತ್ರ ಚೆಲ್ಲುವ ರಾಕೆಟ್ಟನ್ನು ಒಂದೊಂದಾಗಿ, ಸ್ವಲ್ಪ ಸ್ವಲ್ಪ ಹೊತ್ತಿಗೆ ಹಾರಿಸುವುದು ಅಪಾಯದ ಕರೆ. ಸ್ಟ್ರಾಂಷಿಯಂ ಲವಣದ ಅದೇ ಕೆಂಪು ಬಾಣಬಿರುಸಿನಲ್ಲಿಯೂ ಇದೆ. ಪ್ರದರ್ಶನದ ಹೊತ್ತಿನಲ್ಲಿ ನಿಜವಾಗಿ ಮುಳುಗುತ್ತಿರುವ ದೋಣಿಯ ಕೆಂಪು ಬೆಳಕನ್ನು ಯಾರೂ ಗುರುತಿಸಲಾರರು. ಹಾಗಾಗಿ ಆ ರಾತ್ರಿ ನೆರವಿಗೆ ನೆಚ್ಚಬೇಕಾದದ್ದು ವಿಎಚ್‌ಎಫ್ ರೇಡಿಯೊದ 16ನೆಯ ಚಾನೆಲ್ಲನ್ನು. ಸಂಭ್ರಮಕ್ಕೆಂದು ದೋಣಿಯಿಂದ ಅಪಾಯಸೂಚಕ ರಾಕೆಟ್ ಹಾರಿಸುವ ಚಾಳಿ ಈ ಕಾರಣಕ್ಕೇ ನಿಷಿದ್ಧ.

ಎಲ್ಲಕ್ಕಿಂತ ಕೆಟ್ಟ ಗಳಿಗೆ ಕೊನೆಯ ಬಾಣ ಆರಿದ ನಂತರದ್ದು. ಫ್ಲಾರಿಡಾದ ಬಿಸ್ಕೇನ್ ಕೊಲ್ಲಿಯಲ್ಲಿ 2014ರ ಜುಲೈ 4ರ ಬಾಣಬಿರುಸಿನ ಬಳಿಕ ದೋಣಿಗಳು ಡಿಕ್ಕಿಯಾಗಿ ನಾಲ್ವರು ಸತ್ತರು. ಗಂಟೆಗೆ 20 ನಾಟಿಕಲ್ ಮೈಲಿ ವೇಗದ ದೋಣಿ ಸೆಕೆಂಡಿಗೆ 10 ಮೀಟರಿಗೂ ಹೆಚ್ಚು ಸಾಗುತ್ತದೆ. ದೀಪವಿಲ್ಲದ ದೋಣಿ 50 ಮೀಟರ್ ದೂರದಲ್ಲಿ ಕಂಡರೆ ತಿರುಗಿಸಲು ಉಳಿಯುವುದು ಐದು ಸೆಕೆಂಡು. ದಣಿವು, ಕುಡಿತ, ಮನೆಯ ಆತುರ ಆ ಐದನ್ನೂ ತಿನ್ನುತ್ತವೆ. ರಕ್ತದಲ್ಲಿನ ಮದ್ಯಸಾರದ ಮಿತಿ ಫ್ಲಾರಿಡಾದಲ್ಲಿ ಶೇ. 0.08, ಸಿಡ್ನಿಯಿರುವ ನ್ಯೂ ಸೌತ್ ವೇಲ್ಸ್‌ನಲ್ಲಿ ಶೇ. 0.05. ಬಂದರು ಅಧಿಕಾರಿಗಳ ಕೈಯಲ್ಲಿರುವ ಪರಿಣಾಮಕಾರಿ ಉಪಾಯವೆಂದರೆ ನಿರ್ಗಮನವನ್ನೇ ಹಂತಹಂತವಾಗಿಸಿ, ಬಂದರಿನ ಬಾಯಿಯವರೆಗೆ ಅಲೆಯೇಳದ ವೇಗವನ್ನು ಕಡ್ಡಾಯ ಮಾಡುವುದು. ಬಾರ್ಜಿನ ಸುತ್ತ ನಿಲ್ಲಿಸಿದ ಗಸ್ತುದೋಣಿಗಳನ್ನು ಪ್ರದರ್ಶನ ಮುಗಿದೊಡನೆ ದಾರಿಯ ಇಕ್ಕಟ್ಟುಗಳಿಗೆ ಸರಿಸುವುದು ಖರ್ಚಿಲ್ಲದ ಸುಧಾರಣೆ. ದೋಣಿಯವರ ಪಾಲಿಗೆ, ಲಂಗರು ಎತ್ತದೆ ಅರ್ಧ ಗಂಟೆ ಕಾಯುವುದೇ ಸಾಕು. ಕಣ್ಣು ಕತ್ತಲಿಗೆ ಮರಳಲು ಬೇಕಾದ ಅವಧಿಯೂ ಅದೇ. ಕಾಯುವಾಗ ಎಂಜಿನ್ ಆರಿಸಬೇಕು. ಒಂದಕ್ಕೊಂದು ಕಟ್ಟಿ ನಿಂತ ದೋಣಿಗಳ ನಡುವೆ ವಾಸನೆಯಿಲ್ಲದ ಕಾರ್ಬನ್ ಮಾನಾಕ್ಸೈಡ್ ಶೇಖರವಾಗಿ, ಹಿಂಬದಿಯ ಹಲಗೆಯ ಮೇಲೆ ಕೂತವರ ಪ್ರಜ್ಞೆ ತಪ್ಪಿಸಬಲ್ಲದು.

ಜನ ಮನೆ ಸೇರಿದ ಮೇಲೂ ವಲಯ ಕೂಡಲೇ ತೆರವಾಗುವುದಿಲ್ಲ. ಸಿಡಿಯದ ಗುಂಡು ಕೊಳವೆಯಲ್ಲೇ ಉಳಿದಿರಬಹುದು, ನೀರಿಗೆ ಬಿದ್ದು ತೇಲುತ್ತಿರಬಹುದು. ನಿರ್ವಾಹಕರು ಕಾದು, ಬಾರ್ಜನ್ನೂ ಸುತ್ತಲಿನ ನೀರನ್ನೂ ಪರೀಕ್ಷಿಸಿದ ಮೇಲಷ್ಟೇ ಹತ್ತಿರ ಹೋಗಲು ಅವಕಾಶ. ಮರುದಿನ ಬೆಳಿಗ್ಗೆ ಬಲೆಗೆ ಅಥವಾ ದಡಕ್ಕೆ ಸಿಕ್ಕ ಗುಂಡನ್ನು ಒದ್ದೆಯಾಗಿದೆ ಎಂದು ಮುಟ್ಟುವಂತಿಲ್ಲ. ಒಣಗಿದ ಮದ್ದು ಮತ್ತೆ ಹೊತ್ತಿಕೊಳ್ಳಬಲ್ಲದು. ಅದು ಇರುವ ಜಾಗವನ್ನು ಗುರುತಿಟ್ಟುಕೊಂಡು ಬಂದರು ಅಧಿಕಾರಿಗೆ ತಿಳಿಸಿ, ಅವರು ಬರುವವರೆಗೆ ಉಳಿದ ದೋಣಿಗಳನ್ನು ದೂರ ಇಡಬೇಕು.